ಒಂದೇ ನಗರ, ಒಂದೇ ಕಸುಬು: ಆಟಗಾರರು ತಾವೇ ಹಾಕಿಕೊಂಡ ಕಟ್ಟುಪಾಡುಗಳು

ಸಿಡ್ ಮೈಯರ್ ಅವರ ‘ಸಿವಿಲೈಸೇಶನ್’ 1991ರಲ್ಲಿ ಬಂದಾಗ ಗೆಲ್ಲುವ ದಾರಿ ಬೇಗನೆ ಬಯಲಾಯಿತು. ಆದಷ್ಟು ಬೇಗ, ಆದಷ್ಟು ಒತ್ತೊತ್ತಾಗಿ ಊರುಗಳನ್ನು ಕಟ್ಟುತ್ತ ಹೋದರೆ ಸಾಕು, ಎದುರಾಳಿಗಳು ತಾವಾಗಿಯೇ ಹಿಂದೆ ಬೀಳುತ್ತಿದ್ದರು. 1996ರ ಎರಡನೇ ಆಟದಲ್ಲೂ ಈ ಉಪಾಯ ಕೆಲಸ ಮಾಡಿತು. ಅದರಿಂದ ಬೇಸತ್ತ ಆಟಗಾರರು ತಮಗೆ ತಾವೇ ಒಂದು ವ್ರತ ಹಿಡಿದರು: ಆಟ ಮುಗಿಯುವವರೆಗೂ ಒಂದೇ ನಗರ. ‘ಒನ್ ಸಿಟಿ ಚಾಲೆಂಜ್’ ಹುಟ್ಟಿದ್ದು ಹೀಗೆ.

ಆ ಒಂದೇ ನಗರದಿಂದ ಆಲ್ಫಾ ಸೆಂಟಾರಿಗೆ ನೌಕೆ ಕಳಿಸಿ ಗೆದ್ದವರೂ ಇದ್ದಾರೆ. ವ್ಯಾಪಾರ ಹೆಚ್ಚಿಸುವ ಕೊಲೋಸಸ್, ಸಂಶೋಧನೆಗೆ ವೇಗ ಕೊಡುವ ಕೊಪರ್ನಿಕಸ್ ವೀಕ್ಷಣಾಲಯ ಮತ್ತು ನ್ಯೂಟನ್ ಕಾಲೇಜು, ಜನರ ಅಸಮಾಧಾನ ತಣಿಸುವ ಷೇಕ್ಸ್‌ಪಿಯರ್ ರಂಗಮಂದಿರ, ಈ ಅದ್ಭುತಗಳೆಲ್ಲವನ್ನೂ ಒಂದೇ ಕಡೆ ಕಟ್ಟಿದಾಗ ಒಂದರ ಫಲ ಇನ್ನೊಂದನ್ನು ಹಿಗ್ಗಿಸುತ್ತಿತ್ತು. ನಕ್ಷೆ ತುಂಬ ಊರು ಹರಡಿಕೊಂಡವರಿಗೆ ಈ ಲೆಕ್ಕ ಕಣ್ಣಿಗೇ ಬಿದ್ದಿರಲಿಲ್ಲ. ಒಳ್ಳೆಯ ಷರತ್ತು ಆಟದ ಒಳಗಿನ ಲೆಕ್ಕಾಚಾರವನ್ನು ಹೊರಗೆಳೆಯಬೇಕು. ಬರೀ ಕಷ್ಟ ಹೆಚ್ಚಿಸುವ ಷರತ್ತಿಗೆ ನಾನು ಅಷ್ಟು ಬೆಲೆ ಕೊಡಲಾರೆ.

ಈ ಮಾತಿಗೆ 1997ರ ಜಪಾನೀ ಆಟ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’‌ಗಿಂತ ಉತ್ತಮ ನಿದರ್ಶನ ಸಿಗದು. ಅಲ್ಲಿ ಯೋಧರು ಹಲವು ಕಸುಬು ಕಲಿತು, ಒಂದರ ವಿದ್ಯೆಯನ್ನು ಇನ್ನೊಂದರಲ್ಲಿ ಬಳಸಬಹುದು; ಆಟದ ಸೊಗಸೆಲ್ಲ ಆ ಬೆರಕೆಯಲ್ಲೇ ಇದೆ. ಅಭಿಮಾನಿಗಳು ಅದಕ್ಕೇ ಕತ್ತರಿ ಹಾಕಿದರು: ತಂಡದ ಐವರಿಗೂ ಒಂದೇ ಕಸುಬು, ಆ ಕಸುಬಿನ ವಿದ್ಯೆ ಮಾತ್ರ. ಇದರಲ್ಲಿ ಅತಿ ಕುತೂಹಲದ್ದು ‘ಕ್ಯಾಲ್ಕುಲೇಟರ್’ ಕಸುಬು. ಲೆವೆಲ್, ಎತ್ತರ ಮುಂತಾದ ಅಂಕಿಗಳು 3, 4 ಅಥವಾ 5ರಿಂದ ಭಾಗವಾಗುವವರ ಮೇಲೆಲ್ಲ ಇವರು ಒಂದೇ ಏಟಿಗೆ ಮಂತ್ರ ಹಾಕಬಲ್ಲರು. ಮಾಮೂಲಿ ಆಟದಲ್ಲಿ ಇವರಿಗೆ ಸಾಟಿಯಿಲ್ಲ. ಆದರೆ ಆ ಮಂತ್ರಗಳನ್ನು ಕಲಿಯಬೇಕಾದದ್ದು ಬೇರೆ ಮಾಂತ್ರಿಕರ ಕಸುಬುಗಳಲ್ಲಿ. ಷರತ್ತು ಬಿದ್ದ ಕೂಡಲೇ ಗಣಿತ ಉಳಿಯಿತು, ಮಂತ್ರ ಹೋಯಿತು. ಕೈಯಲ್ಲೊಂದು ಕೋಲೋ ಪುಸ್ತಕವೋ ಹಿಡಿದು ಎಲ್ಲರಿಗಿಂತ ನಿಧಾನವಾಗಿ ನಡೆಯುವ ಐವರು ಮಿಕ್ಕರು. ಮುಂದೆ ರಿಯೋವಾನೆಸ್ ಕೋಟೆಯಲ್ಲಿ ನಾಯಕ ರಾಮ್ಜಾ ಒಬ್ಬನೇ ಎದುರಾಳಿ ವೀಗ್ರಾಫ್‌ನನ್ನು ಎದುರಿಸಬೇಕು. ಮಾಮೂಲಿ ಆಟಗಾರರೇ ಎಡವುವ ಜಾಗ ಅದು. ಕೋಟೆಯೊಳಗೆ ಸೇವ್ ಮಾಡಿಕೊಂಡರೆ ಹಿಂದಿರುಗಿ ಸಿದ್ಧತೆ ಮಾಡಿಕೊಳ್ಳಲೂ ದಾರಿಯಿಲ್ಲ.

ಯುದ್ಧತಂತ್ರದ ಆಟಗಳ ಆಚೆಗೆ ‘ನೆಟ್‌ಹ್ಯಾಕ್’ ಎಂಬ ಆಟ 1999ರ ಆವೃತ್ತಿಯಿಂದ ಇಂಥ ನೇಮಗಳ ಲೆಕ್ಕವನ್ನು ತಾನೇ ಇಡತೊಡಗಿತು. ಮಾಂಸ ತಿನ್ನದೆ, ಯಾರನ್ನೂ ಕೊಲ್ಲದೆ, ಏನನ್ನೂ ಓದದೆ ಬರೆಯದೆ ಮುಗಿಸಿದವರಿಗೆ ಕೊನೆಯಲ್ಲಿ ಅದರ ದಾಖಲೆ ಸಿಗುತ್ತಿತ್ತು.

ಇನ್ನೊಂದು ಧಾರೆ ಸೋಲನ್ನು ಒಪ್ಪಿಕೊಳ್ಳುವುದರದ್ದು. 1990ರಲ್ಲಿ ಶುರುವಾದ ‘ಫೈರ್ ಎಂಬ್ಲಮ್’ ಸರಣಿಯಲ್ಲಿ ಸತ್ತ ಯೋಧ ಸಾಮಾನ್ಯವಾಗಿ ಮರಳಿ ಬರುತ್ತಿರಲಿಲ್ಲ. ಆದರೆ ಯಾರಾದರೂ ಸತ್ತರೆ ಬಹಳಷ್ಟು ಜನ ಆ ಅಧ್ಯಾಯವನ್ನೇ ಮತ್ತೆ ಆಡುತ್ತಿದ್ದರು. ‘ಐರನ್‌ಮ್ಯಾನ್’ ನೇಮ ಹಿಡಿದವರು ಸತ್ತವರನ್ನು ಬಿಟ್ಟು ಮುಂದೆ ನಡೆದರು. ಪ್ರೀತಿಯಿಂದ ಬೆಳೆಸಿದ ಯೋಧ ಹೋದಮೇಲೆ, ಮೂಲೆಯಲ್ಲಿ ಕೂರಿಸಿದ್ದವನನ್ನು ಎಬ್ಬಿಸಿ ತರಬೇಕಾಗುತ್ತದೆ. ತಯಾರಕರು ಅಷ್ಟೊಂದು ಪಾತ್ರಗಳನ್ನು ಏಕೆ ಕೊಟ್ಟರೆಂಬುದು ಆಗಲೇ ತಿಳಿಯುವುದು. ಫಿರಾಕ್ಸಿಸ್ ಸಂಸ್ಥೆ 2012ರ ‘ಎಕ್ಸ್‌ಕಾಮ್’ ಆಟದಲ್ಲಿ ಐರನ್‌ಮ್ಯಾನ್ ಅನ್ನು ಮೆನುವಿನಲ್ಲೇ ಇಟ್ಟಿತು: ಒಂದೇ ಸೇವ್, ಅದನ್ನೂ ಬರೆಯುವುದು ಆಟವೇ.

ಒಂದೇ ನಗರದ ಷರತ್ತು ಅದಕ್ಕೂ ಮೊದಲೇ, 2005ರ ‘ಸಿವಿಲೈಸೇಶನ್ 4’ರಲ್ಲಿ ಅಧಿಕೃತ ಆಯ್ಕೆಯಾಗಿತ್ತು. ಅಲ್ಲಿ ಒಂದು ನಗರಕ್ಕೆ 2 ರಾಷ್ಟ್ರೀಯ ಅದ್ಭುತಗಳ ಮಿತಿ. ಈ ಆಯ್ಕೆಯಲ್ಲಿ 5ಕ್ಕೆ ಅವಕಾಶ. ಈ ರಿಯಾಯಿತಿ ನನಗೆ ಮೆಚ್ಚುಗೆಯಾಗುತ್ತದೆ, ಏಕೆಂದರೆ ಆಟಗಾರರು ಕಂಡುಕೊಂಡ ತರ್ಕವನ್ನು ತಯಾರಕರು ಅರಿತು ಬೆಳೆಸಿದ್ದರು. 2013ರಲ್ಲಿ ಸರಣಿಯ ಐದನೇ ಆಟದ ‘ಬ್ರೇವ್ ನ್ಯೂ ವರ್ಲ್ಡ್’ ವಿಸ್ತರಣೆಯೊಂದಿಗೆ ಬಂದ ವೆನಿಸ್ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೊಸ ಊರು ಕಟ್ಟಲು ಅದಕ್ಕೆ ಬರುವುದೇ ಇಲ್ಲ. ಬದಲಿಗೆ ತನ್ನ ವರ್ತಕರನ್ನು ಕಳಿಸಿ ನೆರೆಯ ನಗರರಾಜ್ಯಗಳನ್ನೇ ಕೊಂಡುಕೊಳ್ಳುತ್ತದೆ. ಕ್ಯಾಲ್ಕುಲೇಟರ್‌ಗಳ ಷರತ್ತನ್ನು ಮಾತ್ರ ಯಾವ ಮೆನುವೂ ಕೊಡುವುದಿಲ್ಲ. ಈಗಲೂ ಅದನ್ನು ಹಿಡಿಯುವವರು ಆಟಗಾರರೇ, ಪಾಲಿಸಿದರೋ ಇಲ್ಲವೋ ನೋಡಿಕೊಳ್ಳುವವರೂ ಅವರೇ.