ದೆಕ್ಸೊನ್ ಕಾಯಿದೆಯ ನಾಲ್ಕು ಹೆಸರುಗಳು: ಫ್ರಾನ್ಸಿನ ಶಾಲೆ ಮತ್ತು ಭಾಷಾವರ್ಗೀಕರಣ

1951ರ ಜನವರಿ 11ರ ದೆಕ್ಸೊನ್ ಕಾಯಿದೆಯನ್ನು ಫ್ರಾನ್ಸಿನ ಶಾಲೆಗಳು ಪ್ರಾದೇಶಿಕ ಭಾಷೆಗಳಿಗೆ ಬಾಗಿಲು ತೆರೆದ ಘಟ್ಟವೆಂದು ಶಿಕ್ಷಣದ ಚರಿತ್ರೆಗಳು ಗುರುತಿಸುತ್ತವೆ. ನಾವು ಇಲ್ಲಿ ಅದನ್ನು ಭಾಷಾವರ್ಗೀಕರಣದ ದಾಖಲೆಯಾಗಿ ಓದಬಯಸುತ್ತೇವೆ. ಯಾವ ಮಗುವಿನ ಮನೆಮಾತು ತರಗತಿಯೊಳಗೆ ಬರಬಹುದೆಂಬುದನ್ನು ಅಲ್ಲಿ ಬಹುಮಟ್ಟಿಗೆ ನಿರ್ಧರಿಸಿದ್ದು ರಾಷ್ಟ್ರದ ಗಡಿರೇಖೆ ಎಂಬುದು ನಮ್ಮ ವಾದ.

ಹಿನ್ನೆಲೆ ಪರಿಚಿತವೇ. 1794ರಲ್ಲಿ ಪಾದ್ರಿ ಗ್ರೆಗ್ವಾರ್ ಕ್ರಾಂತಿಕಾಲದ ಶಾಸನಸಭೆಗೆ ಒಪ್ಪಿಸಿದ ವರದಿಯ ಪ್ರಕಾರ ಕನಿಷ್ಠ 60 ಲಕ್ಷ ಪ್ರಜೆಗಳಿಗೆ ಫ್ರೆಂಚ್ ಬಾರದು. ಅದನ್ನು ಶುದ್ಧವಾಗಿ ಆಡಬಲ್ಲವರು 30 ಲಕ್ಷವನ್ನು ಮೀರರು. ಕೆಲ್ಟಿಕ್ ವರ್ಗದ ಬ್ರೆಟನ್ನನ್ನೂ ಫ್ರೆಂಚಿನ ಒಡನುಡಿಯಾದ ಪಿಕಾರ್ಡನ್ನೂ ಅದು 'ಪಾತ್ವಾ' ಎಂಬ ಒಂದೇ ಹೀನಾರ್ಥಕ ಪದದಡಿ ಸೇರಿಸಿತು. 1882ರಲ್ಲಿ ಕಡ್ಡಾಯ ಶಿಕ್ಷಣ ಬಂದ ಮೇಲೆ, ಬ್ರೆಟನ್ ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅವಮಾನದ ಗುರುತಾಗಿ ಒಂದು ವಸ್ತುವನ್ನು ತೂಗಹಾಕುವ ಪದ್ಧತಿ ಅನೇಕ ಶಾಲೆಗಳಲ್ಲಿತ್ತು.

ಇಂಥ ಚರಿತ್ರೆಯ ಮುಂದೆ ದೆಕ್ಸೊನ್ ಕಾಯಿದೆ ಉದಾರವಾಗಿಯೇ ತೋರುತ್ತದೆ. ಕೊಟ್ಟದ್ದು ಮಾತ್ರ ಅಲ್ಪ: ಕೇಳಿಕೊಂಡ ಉಪಾಧ್ಯಾಯರಿಗೆ ವಾರಕ್ಕೆ ಒಂದು ಗಂಟೆ, ಅದೂ ಇಚ್ಛೆಪಟ್ಟ ಮಕ್ಕಳಿಗೆ. ಬಕಲೋರಿಯಾ ಪರೀಕ್ಷೆಯಲ್ಲಿ ಗಳಿಸಿದ ಹೆಚ್ಚುವರಿ ಅಂಕಗಳು ದರ್ಜೆ ನಿರ್ಣಯಕ್ಕಷ್ಟೇ ಸಲ್ಲುತ್ತಿದ್ದವು, ತೇರ್ಗಡೆಗಲ್ಲ. ಕಾಯಿದೆಯ ಶೀರ್ಷಿಕೆಯಲ್ಲಿ 'ಭಾಷೆಗಳು ಮತ್ತು ಉಪಭಾಷೆಗಳು' ಎಂದಿದ್ದರೂ ಒಳಗೆ ಹೆಚ್ಚಾಗಿ ಬಳಕೆಯಾಗಿರುವುದು 'ಪಾರ್ಲೆ' ಎಂಬ ಪದ. ಕನ್ನಡದಲ್ಲಿ 'ಆಡುನುಡಿ' ಎಂದರೆ ಅದರ ಉದ್ದೇಶಪೂರ್ವಕ ಅಸ್ಪಷ್ಟತೆ ಸುಮಾರಾಗಿ ದಕ್ಕೀತು.

ಹತ್ತನೆಯ ವಿಧಿ ಹೆಸರಿಸಿದ್ದು ನಾಲ್ಕನ್ನು: ಬ್ರೆಟನ್, ಬಾಸ್ಕ್, ಕತಲಾನ್, ಒಕ್ಸಿತಾನ್. ಕಾರ್ಸಿಕನ್, ಅಲ್ಸಾಸಿನ ಜರ್ಮಾನಿಕ್ ನುಡಿಗಳು, ಫ್ಲೆಮಿಶ್ ಹೊರಗುಳಿದವು. ಅವು ಕ್ರಮವಾಗಿ ಇಟಾಲಿಯನ್, ಜರ್ಮನ್, ಡಚ್ ಎಂಬ ಪರರಾಜ್ಯ ಭಾಷೆಗಳ ಉಪಭಾಷೆಗಳು ಎಂಬುದೇ ಆಗಿನ ಗ್ರಹಿಕೆ. ಬಾಸ್ಕ್ ಮತ್ತು ಕತಲಾನ್ ಭಾಷೆಗಳೂ ಗಡಿಯಾಚೆ ಇದ್ದವಲ್ಲ ಎಂದು ಕೇಳಬಹುದು. ಆದರೆ ಫ್ರಾಂಕೋನ ಸ್ಪೇನಿನಲ್ಲಿ ಅವು ರಾಜ್ಯಭಾಷೆಗಳಾಗಿರಲಿಲ್ಲ. ಪುಟ್ಟ ಅಂದೋರಾದ ಕತಲಾನಿಗೆ ಯಾರೂ ಅಂಜುವಂತಿರಲಿಲ್ಲ. ಹೀಗಾಗಿ ಪೆರ್ಪಿನ್ಯಾದ ಮಗುವಿಗೆ ದಕ್ಕಬಹುದಾಗಿದ್ದ ಆ ಒಂದು ಗಂಟೆ ಬಾಸ್ತಿಯಾದ ಮಗುವಿಗೆ 1974ರವರೆಗೆ ದಕ್ಕಲಿಲ್ಲ. ಆ ವರ್ಷ ಕಾರ್ಸಿಕನ್ನನ್ನು ಪಟ್ಟಿಗೆ ಸೇರಿಸಿದ್ದು ಒಂದು ಸರ್ಕಾರಿ ಆದೇಶ. ಇಟಾಲಿಯನ್ನಿನೊಡನೆ ಅದಕ್ಕಿದ್ದ ಸಂಬಂಧ 1951ರಲ್ಲಿ ಹೇಗಿತ್ತೋ ಆಗಲೂ ಹಾಗೆಯೇ ಇತ್ತು.

ಅಲ್ಸಾಸಿನ ಪ್ರಕರಣ ಇನ್ನೂ ಕುತೂಹಲಕರ. 1985ರಲ್ಲಿ ಅಲ್ಲಿನ ಶಿಕ್ಷಣಾಡಳಿತದ ಮುಖ್ಯಸ್ಥ ಪಿಯೆರ್ ದೆಯೋಂ ನೀಡಿದ ವ್ಯಾಖ್ಯೆಯಂತೆ ಆ ಪ್ರದೇಶದ ಭಾಷೆಯೆಂದರೆ ಮಾತಿನಲ್ಲಿ ಅಲ್ಸಾಸಿನ ಉಪಭಾಷೆಗಳು, ಬರಹದಲ್ಲಿ ಜರ್ಮನ್. ಇದು ದ್ವಿಸ್ತರ ಭಾಷಿಕತೆಯ ವಾಸ್ತವಿಕ ವರ್ಣನೆ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ 1951ರಲ್ಲಿ ಬಹಿಷ್ಕಾರಕ್ಕೆ ಕಾರಣವಾಗಿದ್ದ ಸಂಬಂಧವೇ ಈಗ ಪ್ರವೇಶಕ್ಕೆ ಆಧಾರವಾಯಿತು. ಪರಿಣಾಮವಾಗಿ ದ್ವಿಭಾಷಾ ತರಗತಿಗಳಲ್ಲಿ ಮುಖ್ಯವಾಗಿ ನೆಲೆಯೂರಿದ್ದು ಶಿಷ್ಟ ಜರ್ಮನ್. ಅಜ್ಜಿಯ ಮಾತು ತರಗತಿಯ ಅಂಚಿನಲ್ಲೇ ಉಳಿಯಿತು.

ಫ್ಲೆಮಿಶ್ ಇನ್ನೂ ಕಾಯಬೇಕಾಯಿತು. 2021ರ ಡಿಸೆಂಬರಿನ ಸುತ್ತೋಲೆ ಅದನ್ನು ಶಾಲಾಭಾಷೆಗಳ ಸಾಲಿಗೆ ಸೇರಿಸುವಾಗ 'ಪಶ್ಚಿಮ ಫ್ಲೆಮಿಶ್' ಎಂದು ಕರೆಯಿತು. ಡಚ್ಚಿನಿಂದ ಬೇರ್ಪಡಿಸಿದ ಹೆಸರಿನೊಡನೆಯೇ ಅದರ ಪ್ರವೇಶ. ಅದೇ ವರ್ಷದ ಮೇ 21ರಂದು ಸಂವಿಧಾನ ಮಂಡಳಿಯು, ಬ್ರೆಟನ್ ಮಾಧ್ಯಮದ ದಿವಾನ್ ಶಾಲೆಗಳು 1977ರಿಂದ ಅನುಸರಿಸುತ್ತ ಬಂದಿದ್ದ ಪೂರ್ಣ ನಿಮಜ್ಜನ ಬೋಧನೆಗೆ ಕಾನೂನಿನ ಮಾನ್ಯತೆ ಕೊಡಲಿದ್ದ ವಿಧಿಯನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತ್ತು.