ಅಜ್ಜಿ ಕೇಳಿದ ಪ್ರಶ್ನೆ

ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ಮಾತು ತೆಲುಗು, ಓದುಬರಹ ಕನ್ನಡ. ಆರು ವರ್ಷದ ಹಿಂದೆ ಅಜ್ಜಿಯ ಸ್ಕ್ಯಾನ್ ನೋಡಿದ ಡಾಕ್ಟರು ಅವಳತ್ತ ತಿರುಗದೆ, 'ಮಲಿಗ್ನೆನ್ಸಿ, ಕೈಮೀರಿದೆ' ಎಂದು ನನಗೆ ಹೇಳಿದರು. 'ಏಮನ್ನಾಡ್ರಾ?' ಎಂದಳು ಅಜ್ಜಿ. 'ಹೊಟ್ಟೆಯಲ್ಲಿ ಹುಣ್ಣಂತೆ' ಎಂದೆ.

ವೈದ್ಯಕೀಯದ ಇತಿಹಾಸ ಓದತೊಡಗಿದ ಮೇಲೆ, ನನ್ನ ಸುಳ್ಳಿಗೆ ದೊಡ್ಡ ವಂಶಾವಳಿಯೇ ಇದೆಯೆಂದು ತಿಳಿಯಿತು. ಚರಕಸಂಹಿತೆಯ ಇಂದ್ರಿಯಸ್ಥಾನದ ಪ್ರಕಾರ, ಮರಣದ ಲಕ್ಷಣ ಕಂಡರೂ ವೈದ್ಯ ಕೇಳದೆ ಹೇಳಬಾರದು; ಕೇಳಿದರೂ, ರೋಗಿಗೋ ಬೇರೆಯವರಿಗೋ ನೋವಾಗುವಂತಿದ್ದರೆ ಹೇಳಬಾರದು. 1803ರಲ್ಲಿ ಇಂಗ್ಲೆಂಡಿನ ಥಾಮಸ್ ಪರ್ಸಿವಲ್ ಕೂಡ ಅಶುಭವನ್ನು ರೋಗಿಗಿಂತ ಅವನ ಆಪ್ತರಿಗೆ ತಿಳಿಸುವುದೇ ಲೇಸೆಂದ. 1961ರ ಅಮೆರಿಕದ ಸಮೀಕ್ಷೆಯೊಂದರಲ್ಲಿ ಶೇ. 90ರಷ್ಟು ವೈದ್ಯರು ಕ್ಯಾನ್ಸರನ್ನು ರೋಗಿಗೆ ಹೇಳಲು ಇಷ್ಟಪಡಲಿಲ್ಲ. 1979ರಲ್ಲಿ ಅದೇ ಪ್ರಶ್ನೆಗೆ ಶೇ. 97ರಷ್ಟು ಮಂದಿ ಹೇಳುತ್ತೇವೆಂದರು.

ಆದರೆ ಹೇಳುವುದು ಹೇಗೆ? ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮತ್ತು ಸಂಗಡಿಗರು 2000ದಲ್ಲಿ 'ಸ್ಪೈಕ್ಸ್' ಎಂಬ ಆರು ಹಂತದ ಕ್ರಮ ಪ್ರಕಟಿಸಿದರು: ಏಕಾಂತದಲ್ಲಿ ಕೂತುಕೊಳ್ಳುವುದು, ರೋಗಿಗೆ ಏನು ಗೊತ್ತಿದೆಯೆಂದು ಕೇಳುವುದು, ಎಷ್ಟು ತಿಳಿಯಬೇಕೆಂದು ವಿಚಾರಿಸುವುದು, ಸರಳವಾಗಿ ತಿಳಿಸುವುದು, ದುಃಖಕ್ಕೆ ಜಾಗ ಕೊಡುವುದು, ಮುಂದಿನ ದಾರಿ ಹೇಳುವುದು. ನಮ್ಮಲ್ಲಿ 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲೇ ಧೋರಣೆ, ನೀತಿ, ಸಂವಹನದ ಪಾಠ ಸೇರಿದೆ. ಮಾತಾಡುವುದನ್ನೂ ಹೊಲಿಗೆ ಹಾಕುವುದರಂತೆ ಕಲಿಯಬೇಕು ಎಂಬುದು ಈಗ ಒಪ್ಪಿತವಾಗಿದೆ.

ಈ ಆರು ಹಂತಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮೂರನೆಯದು. ಚರಕನಲ್ಲೂ ರೋಗಿಯ ಪ್ರಶ್ನೆಗೆ ಬೆಲೆಯಿದೆ. ನಮ್ಮಜ್ಜಿ ಕೇಳಿದ್ದಳಲ್ಲ! ಆ ವಾರವೇ ಮತ್ತೆ ಕೇಳಿದಳು: 'ಮಾವಿನ ತೋಪು ಒಂದು ವರ್ಷಕ್ಕೆ ಗುತ್ತಿಗೆ ಕೊಡಲೋ, ಎರಡಕ್ಕೋ?' ಎರಡಕ್ಕೆ ಕೊಡು ಅಂದೆ. 'ಹಾಗಾದರೆ ಗುತ್ತಿಗೆ ಮುಗಿದ ಮೇಲೆ ತೋಪನ್ನು ನಿಮ್ಮತ್ತೆ ಹೆಸರಿಗೆ ಬರೆಸೋಣ' ಅಂದಳು. ಗಂಡನಿಲ್ಲದ ಅತ್ತೆಗೆ ಅದೊಂದೇ ಆಸರೆಯಾಗುತ್ತಿತ್ತು.

ಮೊದಲ ಫಸಲು ಇಳಿಯುವ ಮುಂಚೆಯೇ ಅಜ್ಜಿ ಹೋದಳು. ತೋಪು ನಾಲ್ಕು ಪಾಲಾಯಿತು. ನೋವಾಗದಿರಲೆಂದು ಮುಚ್ಚಿಟ್ಟ ಮಾತು ಅತ್ತೆಯ ಬದುಕಿಗೇ ಪೆಟ್ಟು ಕೊಟ್ಟಿತು.

ಆ ಡಾಕ್ಟರಿಗೆ ಹೇಳುವುದನ್ನು ಯಾರೂ ಕಲಿಸಿರಲಿಲ್ಲವೇನೋ. ನನಗೂ ಕಲಿಸಿರಲಿಲ್ಲ. ಕೋಲಾರದಂಥ ಎರಡು ಭಾಷೆಯ ಸೀಮೆಯಲ್ಲಿ ಕೆಟ್ಟ ಸುದ್ದಿ ರೋಗಿಯನ್ನು ಮುಟ್ಟುವುದು ಬಹಳ ಸಲ ಮೊಮ್ಮಕ್ಕಳ ಬಾಯಿಂದ. ತರಬೇತಿಯ ಕೋಣೆಯಲ್ಲಿ ಆ ಮೂರನೆಯವನಿಗೂ ಒಂದು ಕುರ್ಚಿ ಹಾಕಬೇಕು.