ಕಾರ್ಥೇಜಿನ ಕನ್ಯೆಯರ ಮುಸುಕು: ತೆರ್ತುಲಿಯನ್ ಯಾರ ಸಾಕ್ಷಿ?

ಆರಾಧನೆಯ ವೇಳೆ ಹೆಂಗಸರು ತಲೆ ಮುಚ್ಚಿಕೊಳ್ಳುವುದು ಆದಿಸಭೆಯಲ್ಲಿ ಎಲ್ಲೆಡೆ ಒಂದೇ ತೆರನಾಗಿ ನಡೆದಿದ್ದ ಆಚಾರ ಎಂದು ಬರೆಯುವವರು ಅಪೊಸ್ತಲ ಪೌಲನ ಬೆನ್ನಿಗೇ ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್‌ನನ್ನು ಸಾಕ್ಷಿಗೆ ಕರೆಯುತ್ತಾರೆ. ಕನ್ಯೆಯರ ಮುಸುಕನ್ನು ಕುರಿತು ಅವನು 3ನೇ ಶತಮಾನದ ಆರಂಭದಲ್ಲಿ ಬರೆದ ಲ್ಯಾಟಿನ್ ಕೃತಿ 17 ಅಧ್ಯಾಯಗಳ ಪುಟ್ಟ ಪುಸ್ತಕ. ಅದನ್ನು ಕೊನೆಯವರೆಗೆ ಓದಿದವರು ಇಂಥ ಮಾತು ಬರೆಯಲಾರರು.

ಆ ಪುಸ್ತಕ ಹುಟ್ಟಿದ್ದೇ ಊರಿನ ರೂಢಿಯ ವಿರುದ್ಧ. ರೂಢಿ ಎಷ್ಟೇ ಹಳೆಯದಾಗಿರಲಿ, ಅದು ಸತ್ಯಕ್ಕೆ ತಲೆಬಾಗಬೇಕು ಎಂಬುದು ಅವನ ಮೊದಲ ವಾದ. ರೂಢಿಯೇ ಅವನ ಪರವಾಗಿದ್ದರೆ ಈ ಪೀಠಿಕೆಯ ಅಗತ್ಯವೇ ಇರಲಿಲ್ಲ. ಕನ್ಯೆಯರಿಗೆ ಮುಸುಕು ಹಾಕಿಸುವ ಸಭೆಗಳನ್ನು ಅವನು ಗ್ರೀಸಿನಲ್ಲಿ ಹುಡುಕಿ ತೋರಿಸುತ್ತಾನೆ. ತನ್ನ ನೆಲದಲ್ಲಿಯೂ ಕೆಲವೆಡೆ ಈ ಪದ್ಧತಿ ಉಂಟು ಎಂದಷ್ಟೇ ಸೇರಿಸುತ್ತಾನೆ. ಇತ್ತೀಚಿನವರೆಗೂ ಮುಸುಕು ಹಾಕುವುದು, ಬಿಡುವುದು ಅವರವರ ಇಚ್ಛೆಗೆ ಸೇರಿತ್ತೆಂದು 3ನೇ ಅಧ್ಯಾಯದಲ್ಲಿ ಅವನೇ ಒಪ್ಪುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು 13ನೇ ಅಧ್ಯಾಯ. ಅನ್ಯಧರ್ಮೀಯರ ಎದುರು ತಲೆ ಮುಚ್ಚಿಕೊಳ್ಳುವ ಕನ್ಯೆಯರು ಸಭೆಯೊಳಗೆ ಬಂದು ಅದನ್ನು ತೆರೆಯುತ್ತಾರೆ ಎಂಬುದು ಅಲ್ಲಿಯ ಆಕ್ಷೇಪ. ಬೀದಿಯಲ್ಲಿ ಮುಸುಕು, ಆರಾಧನೆಯಲ್ಲಿ ಬರಿದಲೆ! ಇದನ್ನು ಸಡಿಲ ನಡತೆ ಎಂದು ಓದುವುದು ತಪ್ಪು. ಸಂಕೋಚವಿಲ್ಲದವರಾಗಿದ್ದರೆ ಬೀದಿಯಲ್ಲೇಕೆ ಮುಚ್ಚಿಕೊಳ್ಳುತ್ತಿದ್ದರು? ಮದುವೆಯಾದವರಿಂದ ತಮ್ಮನ್ನು ಬೇರ್ಪಡಿಸುವ ಬರಿದಲೆ ಅವರಿಗೆ ಮದುವೆಯಾಗದೆ ಉಳಿಯುವ ವ್ರತದ ಗುರುತಾಗಿತ್ತು, ಸಭೆ ಕೊಟ್ಟ ಮನ್ನಣೆಯಾಗಿತ್ತು. ತೆರ್ತುಲಿಯನ್ ಸಿಟ್ಟಾದದ್ದು ಈ ಮನ್ನಣೆಯ ಮೇಲೆ. ಒಂದೆಡೆ ಇಪ್ಪತ್ತು ತುಂಬದ ಕನ್ಯೆಯೊಬ್ಬಳನ್ನು ಸಭೆ ಗೌರವಿಸುತ್ತಿದ್ದ ವಿಧವೆಯರ ಶ್ರೇಣಿಯಲ್ಲಿ ಕೂರಿಸಿದ್ದನ್ನು 9ನೇ ಅಧ್ಯಾಯದಲ್ಲಿ ಅವನು ಖಂಡಿಸುವುದು ಇದೇ ಕಾರಣಕ್ಕೆ. (ಆ ಕನ್ಯೆಯರ ಮಾತು ನಮಗೆ ತಲುಪಿರುವುದು ಎದುರಾಳಿಯ ಬಾಯಿಂದ ಮಾತ್ರ. ಆದ್ದರಿಂದ ನನ್ನದು ಊಹೆಯೇ; ಆದರೆ ಅಧ್ಯಾಯಗಳ ಸರಣಿ ಬೇರೆ ಊಹೆಗೆ ಎಡೆಗೊಡುವುದಿಲ್ಲ.)

ವಿವಾಹಿತೆಯರಾದರೂ ಒಂದೇ ಬಗೆಯಲ್ಲಿ ಮುಚ್ಚಿಕೊಳ್ಳುತ್ತಿದ್ದರೇ? ಅದೂ ಇಲ್ಲ. ಕೊನೆಯ ಅಧ್ಯಾಯದಲ್ಲಿ ಅವನು ಅವರತ್ತ ತಿರುಗಿ, ಉಣ್ಣೆಯ ಪಟ್ಟಿ ಸುತ್ತಿಕೊಂಡವರನ್ನೂ ಕಿವಿಯವರೆಗೂ ಬಾರದ ನಾರುಬಟ್ಟೆ ಇಟ್ಟುಕೊಂಡವರನ್ನೂ ಗದರುತ್ತಾನೆ. ಒಂದು ಕಣ್ಣನ್ನಷ್ಟೇ ಬಿಟ್ಟು ಮುಖ ಮುಚ್ಚುವ ಅರಬ್ ಹೆಂಗಸರನ್ನು ಮಾದರಿಯಾಗಿ ತೋರಿಸುತ್ತಾನೆ.

ಆಚಾರ ಎಲ್ಲೆಡೆ ಇತ್ತೆಂಬುದನ್ನು ಒಪ್ಪದ ಎದುರು ಪಾಳಯದವರ ಜಾಣತನವೂ ನನಗೆ ಒಪ್ಪಿಗೆಯಿಲ್ಲ. ಇದೆಲ್ಲ ಅವನು ಮೊಂಟಾನಸನ ಕಟ್ಟುನಿಟ್ಟಿನ ಕ್ರೈಸ್ತ ಪಂಥದತ್ತ ವಾಲಿದ ಮೇಲಿನ ಅತಿರೇಕ ಎಂದು ಅವರು ಕೃತಿಯನ್ನೇ ಬದಿಗಿಡುತ್ತಾರೆ. ಆದರೆ ಪ್ರಾರ್ಥನೆಯನ್ನು ಕುರಿತ ಅವನ ಹಿಂದಿನ ಗ್ರಂಥದ 21 ಮತ್ತು 22ನೇ ಅಧ್ಯಾಯಗಳಲ್ಲಿ ಇದೇ ವಾದ ಆಗಲೇ ಇದೆ. ಪಂಥದ ಹಣೆಪಟ್ಟಿ ಹಚ್ಚಿ ಸಾಕ್ಷ್ಯದಿಂದ ನುಣುಚಿಕೊಳ್ಳುವುದು ಸಂಶೋಧನೆಯಲ್ಲ.

ರೋಮಿನ ಧರ್ಮಸಭೆ ತಲೆಮುಸುಕನ್ನು ತನ್ನ 1917ರ ಸಂಹಿತೆಯ 1262ನೇ ನಿಯಮದಲ್ಲಿ ವಿಧಿಸಿತ್ತು. 1983ರ ಸಂಹಿತೆಯಲ್ಲಿ ಅದು ಇಲ್ಲ. ಮುಸುಕು ಬೇಕೇ ಬೇಡವೇ ಎಂಬ ಚರ್ಚೆಯ ಎರಡೂ ಕಡೆಯವರು ತೆರ್ತುಲಿಯನ್‌ನನ್ನು ಕರೆಯಲಿ, ಅಡ್ಡಿಯಿಲ್ಲ. ಆದರೆ ಕಾರ್ಥೇಜಿನಲ್ಲಿ ಏನು ನಡೆಯುತ್ತಿತ್ತು ಎಂಬುದಕ್ಕೆ ಅವನ ಆಜ್ಞೆಯನ್ನಲ್ಲ, ಅವನ ದೂರನ್ನು ಆಧಾರವಾಗಿ ಹಿಡಿಯಬೇಕು. ಆ ದೂರಿನ ಪ್ರಕಾರ 3ನೇ ಶತಮಾನದ ಆರಂಭದ ಕಾರ್ಥೇಜಿನ ಸಭೆಯಲ್ಲಿ ಮುಸುಕು ಇನ್ನೂ ವಿವಾದದ ವಿಷಯವಾಗಿತ್ತು.